ಮೀನಖಂಡದ ಬಾಗಿಲು

ನಾನು ಒಂದು ಬಾಗಿಲು. ಮರದ್ದಲ್ಲ, ಪ್ರೋಟೀನಿನದು. ಜಮಖಂಡಿಯ ಪೈಲ್ವಾನ ಹೊಳೆಬಸಪ್ಪನ ಎಡಗಾಲಿನ ಮೀನಖಂಡದಲ್ಲಿ, ಒಂದು ಸ್ನಾಯುಕೋಶದ ಗೋಡೆಯಲ್ಲಿ ನನ್ನ ವಾಸ. ವಿಜ್ಞಾನದ ಪುಸ್ತಕಗಳು ನನ್ನನ್ನು ಗ್ರಾಹಕ ಎನ್ನುತ್ತವೆ. ಸಂತೆಗೆ ಬಂದವನ ಹೆಸರಿನಂತಿದೆ. ನಾನಂತೂ ಈವರೆಗೆ ಏನನ್ನೂ ಕೊಂಡಿಲ್ಲ.

ನಾನು ಹುಟ್ಟಿದ್ದು ಅದೇ ಕೋಶದೊಳಗಿನ ಕಾರ್ಖಾನೆಯಲ್ಲಿ. ಐದು ಸರಪಳಿಗಳನ್ನು ಬೇರೆ ಬೇರೆಯಾಗಿ ಹೆಣೆದು, ಮಡಿಚಿ, ನಡುವೆ ಒಂದು ತೂತು ಉಳಿಯುವಂತೆ ಸುತ್ತಲೂ ನಿಲ್ಲಿಸಿದರು, ಬಾವಿಕಟ್ಟೆಗೆ ಕಲ್ಲು ಕೂಡಿಸಿದ ಹಾಗೆ. ನೆಟ್ಟಗೆ ಮಡಿಚಿಕೊಳ್ಳದವರನ್ನು ಅಲ್ಲಿಯೇ ಪುಡಿ ಮಾಡುತ್ತಾರೆ. ನನ್ನ ಓರಗೆಯವರಲ್ಲಿ ಬಹಳ ಮಂದಿ ಗೋಡೆಯ ಮುಖವನ್ನೇ ಕಾಣಲಿಲ್ಲ. ನಾನು ಪಾಸಾದೆ. ನನ್ನನ್ನು ತಂದು ನರದ ತುದಿಗೆ ಎದುರಾಗಿ ನೆಟ್ಟರು. ತಲೆ ಹೊರಗೆ, ಕಾಲು ಒಳಗೆ, ನಡು ಕೊಬ್ಬಿನ ಗೋಡೆಯಲ್ಲಿ.

ಕೆಲಸ ಸರಳ. ಪೈಲ್ವಾನನಿಗೆ ಕಾಲೂರಬೇಕು ಅನ್ನಿಸಿದಾಗ ನರದಿಂದ ಒಂದು ಸಣ್ಣ ರಾಸಾಯನಿಕ ಜಿನುಗುತ್ತದೆ. ಅದಕ್ಕೆಂದೇ ನನ್ನ ಮೈಯಲ್ಲಿ ಎರಡು ಗುಳಿಗಳಿವೆ. ಎರಡರಲ್ಲೂ ಅದು ಬಂದು ಕೂತೊಡನೆ ನಾನು ಕೊಂಚ ತಿರುಚಿಕೊಳ್ಳುತ್ತೇನೆ, ತೂತು ತೆರೆಯುತ್ತದೆ, ಹೊರಗಿನ ಸೋಡಿಯಂ ಒಳನುಗ್ಗುತ್ತದೆ, ಸ್ನಾಯು ಬಿಗಿಯುತ್ತದೆ. ಹೊಳೆಬಸಪ್ಪ ಎದುರಾಳಿಯನ್ನು ಎತ್ತಿ ಒಗೆದಾಗ ಜನ ಅವನ ಹೆಸರು ಕೂಗುತ್ತಾರೆ. ನಮ್ಮ ಹೆಸರನ್ನು ಯಾರೂ ಕೂಗಿಲ್ಲ. ಅದು ಉಸಿರು ಸಾಲದಷ್ಟು ಉದ್ದವಾಗಿದೆ.

ಗರಡಿಯ ಯಜಮಾನರು ಗುರಲಿಂಗ ವಸ್ತಾದರು. ಅರಿಶಿನ, ಎಣ್ಣೆ, ಮಜ್ಜಿಗೆ, ನಿಂಬೆರಸ ಬೆರೆಸಿ ಅವರು ಹದ ಮಾಡಿದ ಕೆಂಪು ಮಣ್ಣೇ ಅಲ್ಲಿ ದೇವರು, ಅದೇ ಔಷಧ. ಗಾಯಕ್ಕೆ ಹಚ್ಚಿದ ಗರಡಿ ಮಣ್ಣನ್ನು ತೊಳೆಯುವಂತಿಲ್ಲ. ಒಣಗಿ ತಾನೇ ಉದುರಬೇಕು. ಅದು ಅಲ್ಲಿಯ ಕಟ್ಟಳೆ.

ಪೈಲ್ವಾನರು ಬಿಟ್ಟ ಬಾದಾಮಿ ಹಾಲು ಕುಡಿದು ಬೆಳೆದ ಮೋತ್ಯಾ ಎಂಬ ನಾಯಿ ಗರಡಿಯ ಹಿತ್ತಲಲ್ಲಿತ್ತು. ಒಂದು ಬೆಳಿಗ್ಗೆ ಅದು ಹಾಲು ಮುಟ್ಟದೆ, ಜೊಲ್ಲು ಸುರಿಸುತ್ತ ಮೂಲೆಯಲ್ಲಿ ಕೂತಿತ್ತು. ಏನಾಯಿತೆಂದು ನೋಡಲು ಹೋದ ಹೊಳೆಬಸಪ್ಪನ ಮೀನಖಂಡಕ್ಕೆ ಬಾಯಿ ಹಾಕಿತು.

"ಮೋತ್ಯಾ ಕಡದದ್ದಲ್ಲೋ, ಆಟಾ ಆಡೇತಿ," ಎಂದರು ವಸ್ತಾದರು. "ಮಣ್ಣ ಹಚ್ಚು. ನನ್ನ ಮುರದ ಬೆರಳ ಕೂಡಿಸಿದ ಮಣ್ಣದು."

ಹಲ್ಲು ಇಳಿದ ತೂತುಗಳಿಗೆ ಮಣ್ಣು ಮೆತ್ತಿದರು. ಅಷ್ಟರಲ್ಲಿ ಜೊಲ್ಲಿನ ಜೊತೆ ಬಂದವರು, ಹುಚ್ಚುನಾಯಿ ರೋಗದ ವೈರಸ್ಸುಗಳು, ಒಳಗೆ ನಮ್ಮ ಓಣಿಗೆ ತಲುಪಿದ್ದರು.

ಬಂದೂಕಿನ ಗುಂಡಿನ ಆಕಾರ, ಮೈತುಂಬ ಮುಳ್ಳು. ಆ ಮುಳ್ಳಿನ ಒಂದು ಮಡಿಕೆ, ನಮ್ಮಂಥ ಬಾಗಿಲುಗಳಿಗೇ ಅಂಟುವ ಹಾವಿನ ವಿಷದ ಒಂದು ತುಣುಕನ್ನು ಹೋಲುತ್ತದೆ, ನನ್ನ ಗುಳಿಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂಡುತ್ತದೆ. ಒಬ್ಬ ಬಂದು ಕೂತ. ನಾನು ಹಿಡಿದುಕೊಂಡೆ. ಯಾರು, ಎಲ್ಲಿಯವರು ಎಂದು ಕೇಳುವ ಸೌಕರ್ಯ ನನಗಿಲ್ಲ. ಹೊಂದಿದವರನ್ನು ಹಿಡಿಯುವುದು ನನ್ನ ರಚನೆ, ರಚನೆಗೆ ಅಭಿಪ್ರಾಯವಿರುವುದಿಲ್ಲ. ಎದುರಿನ ನರದ ತುದಿಗೆ, ಹತ್ತಿರ ಬಂದದ್ದನ್ನೆಲ್ಲ ನುಂಗುವ ಚಟ. ಅದು ಅವನನ್ನೂ ನುಂಗಿತು. ನರದೊಳಗೆ ಅವನು ಮೇಲಕ್ಕೆ ಹೊರಟ. ಆದರೆ ಮೀನಖಂಡದಿಂದ ಮಿದುಳು ದೂರ. ಸೂಜಿಮದ್ದು ಅವನಿಗಿಂತ ಮುಂಚೆ ತಲುಪಲು ಬೇಕಾದಷ್ಟು ಹೊತ್ತಿತ್ತು.

ತಾಯಿ ತೀರಿದ ಮೇಲೆ ಹೊಳೆಬಸಪ್ಪನನ್ನು ಸಾಕಿದವಳು ಅಕ್ಕ ದಾನವ್ವ. ಅವಳು ದವಾಖಾನೆಗೆ ಹೋಗಿ ಕೇಳಿಕೊಂಡು ಬಂದಳು.

"ಮೊದ್ಲ ಸಾಬಾಣ ಹಚ್ಚಿ ಹರಿಯೂ ನೀರಾಗ ತಿಕ್ಕಿ ತೊಳೀಬೇಕಂತ. ಆಮ್ಯಾಲೆ ಸೂಜಿ. ಏಳು, ಹೋಗೂಣು."

"ಗರಡಿ ಮಣ್ಣ ತೊಳೀತಾರೇನಕ್ಕಾ? ವಸ್ತಾದರು ನನ್ನ ಮಾರಿ ನೋಡೂದಿಲ್ಲ."

"ನೋಡದಿದ್ರ ಬಿಡ್ಲಿ. ನಿನ್ನ ಮಾರಿ ಏನ್ ಅಷ್ಟ ಚಂದ ಐತೇನು?"

ಅವನು ನಕ್ಕ. "ಬರೂ ಕುಸ್ತಿ ಒಂದ ಮುಗೀಲಿ. ಈಗ ಚುಚ್ಚಿಸಿಕೊಂಡ್ರ ರಟ್ಟಿ ಬಾತು ಕುಂದರ್ತೈತಿ. ಹಿಡಿಯೂದು ಹೆಂಗ?"

ನಾಲ್ಕಾರು ದಿನಗಳಲ್ಲಿ ಮೋತ್ಯಾ ಸತ್ತಿತು. ಬಿಸಿಲಿಗೆ ಸತ್ತಿತೆಂದು ತೀರ್ಮಾನವಾಯಿತು. ಚೆಂಡುಹೂವಿನ ಮಾಲೆ ಹಾಕಿ ಹಿತ್ತಲಲ್ಲಿ ಹೂಳಿದರು. ಹೆಂಗಸರು ಗರಡಿಯೊಳಗೆ ಕಾಲಿಡುವಂತಿಲ್ಲ. ದಾನವ್ವ ಹೊಸ್ತಿಲಾಚೆ ನಿಂತು ಕರೆದಳು.

"ವಸ್ತಾದರ, ನಾಯಿ ಸತ್ತತಂತ. ಇನ್ನರ ನನ್ನ ತಮ್ಮನ್ನ ಕಳಸ್ರಿ."

"ಗಾಯಾನ ಮಾಯೇತಿ ತಂಗಿ. ಇನ್ನ ಸೂಜಿ ಎಲ್ಲಿ ಚುಚ್ಚಸ್ತಿ?"

ಗಾಯ ಮಾದದ್ದು ನಿಜ. ಹೊಳೆಬಸಪ್ಪ ಕುಸ್ತಿ ಗೆದ್ದದ್ದೂ ನಿಜ. ಹಲಗೆ ಬಾರಿಸಿಕೊಂಡು ಬಂದವರಿಗೆಲ್ಲ ವಸ್ತಾದರು ಮಣ್ಣಿನ ಮಹಿಮೆ ಹೇಳಿದರು. ಸೂಜಿಯ ಮಾತು ಹೂಮಾಲೆಗಳ ಅಡಿ ಸೇರಿತು.

ಅಷ್ಟರಲ್ಲಿ ನನಗೆ ಮುಪ್ಪು. ನಮ್ಮ ಆಯುಷ್ಯವನ್ನು ವಾರಗಳಲ್ಲಿ ಹೇಳಿ ಮುಗಿಸಬಹುದು. ನನ್ನನ್ನು ಗೋಡೆಯಿಂದ ಒಳಗೆಳೆದು ಆಮ್ಲದ ಗುಜರಿಗೆ ಹಾಕಿ ಕತ್ತರಿಸಿದರು. ಕೋಶದಲ್ಲಿ ಏನನ್ನೂ ಎಸೆಯುವುದಿಲ್ಲ. ನನ್ನ ಚೂರುಗಳನ್ನು ಹೊಸ ಬಾಗಿಲಿಗೆ ಹೆಣೆದು ಅದೇ ಜಾಗದಲ್ಲಿ ನೆಟ್ಟರು. ಕತೆಯ ಉಳಿದ ಭಾಗ ಆ ಹೊಸ ಬಾಗಿಲಿನದು. ಅದನ್ನೂ ನಾನೇ ಎಂದುಕೊಳ್ಳಿ.

ಒಂದು ದಿನ ಹೊಳೆಬಸಪ್ಪ ಸಾಮು ನಿಲ್ಲಿಸಿ ಕಾಲು ತುರಿಸಿಕೊಂಡ. "ಹಳೇ ಗಾಯ ಯಾಕೋ ಜುಮ್ ಜುಮ್ ಅಂತೈತ್ರಿ ವಸ್ತಾದರ."

"ಮಣ್ಣ ಹಚ್ಚು."

ಹಚ್ಚಿದ. ಮಾರನೆಯ ದಿನ ಜ್ವರ ಬಂತು. ಆಮೇಲೆ, ಒಂದೇ ಉಸಿರಿಗೆ ಒಂದು ಕೊಡ ಹಾಲು ಕುಡಿಯುತ್ತಿದ್ದವನಿಗೆ ತಂಬಿಗೆಯ ನೀರು ಕಂಡರೆ ಗಂಟಲು ಹಿಡಿದುಕೊಳ್ಳತೊಡಗಿತು.

ದವಾಖಾನೆಯಲ್ಲಿ ಡಾಕ್ಟರು ದಾನವ್ವನನ್ನು ಹೊರಗೆ ಕರೆದು, ಇನ್ನು ಯಾವ ಸೂಜಿಯೂ ನಾಟುವುದಿಲ್ಲವೆಂದು ಮೆಲ್ಲಗೆ ಹೇಳಿದರು. ಈ ಸಲ ಹೊಸ್ತಿಲಾಚೆ ನಿಂತವರು ವಸ್ತಾದರು. ಒಳಗೆ ಬನ್ನಿ ಎಂದು ಅವರನ್ನು ಯಾರೂ ಕರೆಯಲಿಲ್ಲ.

ನೀರಿನ ಸದ್ದಿಗೂ ತಮ್ಮ ಬೆಚ್ಚಿಬೀಳುತ್ತಾನೆಂದು ದಾನವ್ವ ದೂರದ ನಲ್ಲಿಯಲ್ಲಿ ಬಟ್ಟೆ ತೋಯಿಸಿ, ಸಾಬೂನು ಹಚ್ಚಿ, ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು. ಅವನ ಕಣ್ಣಿಗೆ ಬೀಳದಂತೆ ಕಾಲ ಬಳಿ ಕೂತು ಮೀನಖಂಡವನ್ನು ತಿಕ್ಕಿದಳು. ಒಣಗಿದ್ದ ಮಣ್ಣು ಎದ್ದು ಬಂತು. ಮತ್ತೆ ಹೋಗಿ ತೊಳೆದು ತಂದಳು, ಮತ್ತೆ ತಿಕ್ಕಿದಳು.

"ಅಕ್ಕಾ, ತಣ್ಣಗಾತು," ಎಂದ.

"ಆಗ್ಲಿ. ಸುಮ್ನ ಮಲ್ಕೊ."

ಮೇಲಿನಿಂದ ಅಪ್ಪಣೆ ಬಂತು. ತೆರೆದೆ. ಅವನು ಕಾಲನ್ನು ಅವಳ ಮಡಿಲ ಕಡೆಗೆ ಸ್ವಲ್ಪ ಸರಿಸಿದ.

ಆಮೇಲೆ ನರದಿಂದ ಯಾರೂ ಬಂದಿಲ್ಲ. ಮೀನಖಂಡ ತಣ್ಣಗಾಗುತ್ತಿದೆ. ನನ್ನ ಗುಳಿಗಳೆರಡೂ ಖಾಲಿ ಇವೆ, ಅಳತೆ ಮಾತ್ರ ಕೆಟ್ಟಿಲ್ಲ. ಹೊಂದುವವರು ಯಾರೇ ಬಂದರೂ ಹಿಡಿದುಕೊಳ್ಳುತ್ತೇನೆ.