ಗೋಡೆಗೆ ಮುಖಮಾಡಿ ಕೇಳಿದ ಮಾತು

ಗಾಳಿಗೆ ಚಲನೆಯನ್ನೂ, ಚಲನೆಗೆ ನಾದವನ್ನೂ, ನಾದಕ್ಕೆ ಅರ್ಥವನ್ನೂ ಇತ್ತು, ಆ ಅರ್ಥವು ಒಳಹೊಗಲೆಂದು ಮನುಷ್ಯನ ತಲೆಯ ಎರಡು ಬದಿಗೂ ಎರಡು ಪುಟ್ಟ ಬಾಗಿಲುಗಳನ್ನು ತೆರೆದಿಟ್ಟ ಆ ಪರಮಕಾರುಣಿಕನಿಗೆ ಮೊದಲ ನಮಸ್ಕಾರ. ನಾವು ಆಡದೆ ನುಂಗಿದ ಮಾತೂ ಅವನಿಗೆ ಕೇಳಿಸುತ್ತದೆ. ಕೇಳಿಸದಿದ್ದರೂ ನಾವು ತಲೆಯಾಡಿಸಿದ್ದು ಅವನಿಗೆ ಕಾಣುತ್ತದೆ. ಅವನ ಅನುಗ್ರಹದಿಂದ ಈ ಕಥೆ ಎಡವದೆ ಸಾಗಲಿ.

ಹಲ್ಲಿನ ವೈದ್ಯೆಯೊಬ್ಬಳಿದ್ದಳು. ಐವತ್ತಕ್ಕೆ ಒಂದು ವರ್ಷ ಕಡಿಮೆ. ಓರಗೆಯವರು ಮೊಣಕಾಲ ನೋವಿನ ಸುದ್ದಿಯಾಡುವ ಪ್ರಾಯದಲ್ಲಿ ಈಕೆ ಎರಡು ವರ್ಷಗಳ ಭಾನುವಾರಗಳನ್ನೆಲ್ಲ ವಿಮಾನ ಕ್ಲಬ್ಬಿಗೆ ಧಾರೆಯೆರೆದು, ಎರಡು ಆಸನಗಳ ಪುಟ್ಟ ವಿಮಾನವನ್ನು ತಾನೇ ಹಾರಿಸುವ ಪರವಾನಗಿಯನ್ನು ಸಂಪಾದಿಸಿದ್ದಳು. ಮುಂದಿನ ಭಾನುವಾರ ಬಲಗಡೆಯ ಆಸನದಲ್ಲಿ ಮೊದಲ ಪ್ರಯಾಣಿಕರಾಗಿ ಕೂರುವವರು ಅವಳ ತಂದೆ. ಎಪ್ಪತ್ತೆಂಟು ವರ್ಷದ ಆ ಹಿರಿಯರು ಮೂವತ್ತೈದು ವರ್ಷ ಬಟ್ಟೆಯ ಗಿರಣಿಯಲ್ಲಿ ಮಗ್ಗಗಳ ಮೇಸ್ತ್ರಿಯಾಗಿದ್ದವರು. ಆಗಲೇ ಕೋಟು ಇಸ್ತ್ರಿ ಮಾಡಿಸಿ ಗೂಟಕ್ಕೆ ತೂಗುಹಾಕಿದ್ದರು.

ಆದರೆ ಹಿಂದಿನ ಭಾನುವಾರ ಒಂದು ಅಚಾತುರ್ಯ ಸಂಭವಿಸಿತ್ತು. ಪ್ರಯಾಣಿಕರನ್ನು ಕೂರಿಸಿಕೊಳ್ಳುವ ಮುನ್ನ ಹಾರಾಟ ಕಲಿಸಿದ ಗುರುವಿನೊಡನೆ ಒಮ್ಮೆ ಹಾರಬೇಕೆಂಬುದು ಕ್ಲಬ್ಬಿನ ನಿಯಮ; ಅಂದು ಗುರು ಪಕ್ಕದ ಆಸನದಲ್ಲಿದ್ದರು. ರನ್‌ವೇಯ ಅಂಚಿನಲ್ಲಿರುವ ಹಳದಿ ಗೆರೆಯ ಬಳಿ ನಿಲ್ಲಬೇಕೆಂದು ವಿಮಾನಗಳನ್ನು ನಿಯಂತ್ರಿಸುವ ಗೋಪುರದಿಂದ ರೇಡಿಯೊ ಆಜ್ಞೆ ಬಂತು. ಇವಳು ಮಾಮೂಲಿನಂತೆ "ರನ್‌ವೇಗೆ ಬರುತ್ತಿದ್ದೇನೆ" ಎಂದು ಉತ್ತರಿಸಿ ಮುಂದುವರಿದಳು. ಗುರು ಬ್ರೇಕು ತುಳಿದರು. ಮರುಕ್ಷಣವೇ ಇನ್ನೊಂದು ವಿಮಾನ ಇವರ ಮೂಗಿನ ಮುಂದೆಯೇ ನೆಲಕ್ಕಿಳಿದು ಓಡಿತು.

"ಕ್ಲಬ್ಬಿನ ಆ ಹಳೇ ಹೆಡ್‌ಸೆಟ್ ಬರೀ ಗೊರಗೊರ ಅನ್ನತ್ತೆ. ನಿಮ್ಮದೇ ಒಂದು ಒಳ್ಳೇದು ತಗೊಂಡ್ಬಿಡಿ ಡಾಕ್ಟ್ರೇ" ಎಂದರು ಗುರು, ಹಣೆ ಒರೆಸಿಕೊಳ್ಳುತ್ತ.

ಮುಳುಗುವವಳಿಗೆ ಹಗ್ಗ ಸಿಕ್ಕಂತೆ ವೈದ್ಯೆ ಆ ಮಾತನ್ನು ಹಿಡಿದುಕೊಂಡಳು. ದೋಷ ಹೆಡ್‌ಸೆಟ್ಟಿನದು. ಹಾಗೆಂದು ವಾರವೆಲ್ಲ ತನಗೆ ತಾನೇ ಹೇಳಿಕೊಂಡಳು. ಅಷ್ಟು ಸಲ ಏಕೆ ಹೇಳಿಕೊಳ್ಳಬೇಕಾಗಿದೆ ಎಂಬುದನ್ನು ಮಾತ್ರ ವಿಚಾರಿಸಲಿಲ್ಲ.

ಶನಿವಾರ ಮಧ್ಯಾಹ್ನ ತಂದೆ ಮಗಳಿಬ್ಬರೂ ವೈಮಾನಿಕ ಸಲಕರಣೆಗಳ ಅಂಗಡಿಗೆ ಹೋದರು. ಕಿರಿದಾದ ಉದ್ದನೆಯ ಕೋಣೆ. ಗೋಡೆಯ ತುಂಬ ಭೂಪಟಗಳು. ಗಾಜಿನ ಪೆಟ್ಟಿಗೆಯಲ್ಲಿ ಕೆಂಪು ಬೆಳಕಿನ ಟಾರ್ಚುಗಳು, ಇಂಧನದಲ್ಲಿ ನೀರು ಬೆರೆತಿದೆಯೇ ಎಂದು ನೋಡುವ ಪಾರದರ್ಶಕ ಲೋಟಗಳು, ತೊಡೆಗೆ ಪಟ್ಟಿಯಿಂದ ಬಿಗಿದುಕೊಳ್ಳುವ ಬರೆಯುವ ಹಲಗೆಗಳು. ಅಂಗಡಿಯ ಯಜಮಾನರು ಹಿಂದೆ ಹಾರಾಟ ಕಲಿಯುವವರಿಗೆ ರೇಡಿಯೊ ಸಂಭಾಷಣೆಯ ಪಾಠ ಹೇಳುತ್ತಿದ್ದವರು. ಎಲ್ಲರ ಬಾಯಲ್ಲೂ ರೇಡಿಯೊ ಮೇಷ್ಟ್ರು. ಅವರ ಮೀಸೆ ಮೇಲ್ದುಟಿಯನ್ನು ಪೂರಾ ಮುಚ್ಚಿ ಕೆಳದುಟಿಯ ಮೇಲೂ ಹಕ್ಕು ಸ್ಥಾಪಿಸಿತ್ತು.

"ಬನ್ನಿ ಡಾಕ್ಟ್ರಮ್ಮ. ಏನು ಕೊಡ್ಲಿ?"

ವೈದ್ಯೆ ಕತ್ತು ಮುಂದೆ ಚಾಚಿದಳು. ಪಕ್ಕದಲ್ಲಿ ತಂದೆಯೂ ಚಾಚಿದರು.

"ನಿಮ್ಮ ಮೀಸೆ ಸ್ವಲ್ಪ ಕತ್ತರಿಸ್ಕೊಳ್ಳಿ ಸ್ವಾಮಿ" ಎಂದರು ತಂದೆ. "ಮಾತೆಲ್ಲ ಅದರೊಳಗೇ ಸಿಕ್ಕಾಕ್ಕೊಂಡಿದೆ."

"ನನ್ನ ಹೆಂಡತೀನೂ ಅದನ್ನೇ ಹೇಳ್ತಾಳೆ ಯಜಮಾನ್ರೇ. ಅದಕ್ಕೇ ಬಿಟ್ಟಿದ್ದೀನಿ, ಕಾಫಿ ಸೋಸೋಕಾಗತ್ತೆ ಅಂತ" ಎಂದು ಮೇಷ್ಟ್ರು ನಕ್ಕರು.

ಈ ತಂದೆ ಮಗಳ ನಡುವೆ ಇದ್ದ ಒಂದು ಭಾಷೆಯನ್ನು ಇಲ್ಲಿ ಅರುಹಬೇಕು. ಗಿರಣಿಯಲ್ಲಿ ಮಗ್ಗದ ಶಾಲೆಯೆಂಬ ದೊಡ್ಡ ಹಜಾರದಲ್ಲಿ ನೂರಾರು ಮಗ್ಗಗಳು ಏಕಕಾಲಕ್ಕೆ ಬಡಿಯುವಾಗ ಗಂಟಲು ಹರಿದುಕೊಂಡರೂ ಕೂಗು ಕೇಳದು. ಆದಕಾರಣ ಅಲ್ಲಿನ ಕೆಲಸಗಾರರು ದನಿಯಿಲ್ಲದೆ ತುಟಿಯಾಡಿಸಿ ಮಾತಾಡುತ್ತಿದ್ದರು. ಎದುರಿನವರು ಆ ತುಟಿಗಳನ್ನೇ ಓದುತ್ತಿದ್ದರು. ಮೇಸ್ತ್ರಿ ಆ ವಿದ್ಯೆಯನ್ನು ಮನೆಗೂ ತಂದರು. ನಾಲ್ಕು ವರ್ಷದ ಮಗಳು ಅಕ್ಷರಕ್ಕೆ ಮೊದಲು ತುಟಿಯನ್ನು ಓದಲು ಕಲಿತಳು. "ಅಪ್ಪ ಮಗಳು ಸೇರಿದ್ರೆ ಮನೆ ಮೀನಿನ ತೊಟ್ಟಿ ಆಗತ್ತೆ, ಬರೀ ಬಾಯಿ ಆಡತ್ತೆ" ಎಂದು ತಾಯಿ ಗೊಣಗುತ್ತಿದ್ದಳು. ಕಾಲಕ್ರಮದಲ್ಲಿ ಮಗ್ಗಗಳು ಮೇಸ್ತ್ರಿಯ ಶ್ರವಣಶಕ್ತಿಯನ್ನು ಮುಕ್ಕಾಲುಪಾಲು ಕಬಳಿಸಿದ್ದವು. ಆದರೆ ಅವರು ಅದನ್ನು ಒಪ್ಪಿದವರಲ್ಲ. "ಜನ ಈಗೀಗ ನೆಟ್ಟಗೆ ಮಾತಾಡಲ್ಲ" ಎಂಬುದೇ ಅವರ ವಾದ.

ಮೇಷ್ಟ್ರ ಅಂಗಡಿಗೆ ಒಂದು ಕಟ್ಟಳೆಯಿತ್ತು: ಪರೀಕ್ಷೆಯಿಲ್ಲದೆ ಹೆಡ್‌ಸೆಟ್ಟನ್ನು ಯಾರಿಗೂ ಮಾರುತ್ತಿರಲಿಲ್ಲ. ಹಿಂಭಾಗದ ಕೋಣೆಯಲ್ಲಿ ಗೋಡೆಗೆದುರಾಗಿ ಒಂದು ಕುರ್ಚಿ. ದೊಡ್ಡ ಸ್ಪೀಕರಿನಿಂದ ಎಂಜಿನ್ನಿನ ಅಬ್ಬರ. ಕೊಳ್ಳುವವರು ಹೆಡ್‌ಸೆಟ್ ಧರಿಸಿ ಗೋಡೆಯನ್ನು ನೋಡುತ್ತ ಕೂರಬೇಕು. ಹಿಂದಿನಿಂದ ಮೇಷ್ಟ್ರು ಮೈಕಿನಲ್ಲಿ ಗೋಪುರದವರಂತೆ ಆಜ್ಞೆ ಕೊಡುತ್ತಾರೆ. ಅದನ್ನು ಅಕ್ಷರಶಃ ತಿರುಗಿ ಒಪ್ಪಿಸಬೇಕು.

ಮೊದಲನೆಯದು ಹಗುರವಾದ ಹಸಿರು ಹೆಡ್‌ಸೆಟ್. ಮೇಷ್ಟ್ರು ಐದು ಆಜ್ಞೆ ಕೊಟ್ಟರು, ಎರಡು ತಪ್ಪಿದವು.

"ಇದು ನನ್ನ ಕಿವಿಗೆ ಸರಿಯಾಗಿ ಕೂರ್ತಿಲ್ಲ" ಎಂದಳು ವೈದ್ಯೆ.

ಎರಡನೆಯದು ಕಿವಿಯನ್ನು ಬಿಗಿಯಾಗಿ ಅಪ್ಪುವಂಥದ್ದು. ಮತ್ತೆ ಎರಡು ತಪ್ಪು. ಮೂರನೆಯದು ಅಂಗಡಿಯಲ್ಲೇ ಶ್ರೇಷ್ಠವಾದದ್ದು. ಎಂಜಿನ್ನಿನ ಗದ್ದಲವನ್ನು ವಿದ್ಯುತ್ತಿನಿಂದಲೇ ಅಳಿಸಿಹಾಕುವಂಥದ್ದು. ಅದನ್ನು ಧರಿಸಿದೊಡನೆ ಹುಚ್ಚೆದ್ದ ಕಡಲು ದೂರದ ಮರ್ಮರವಾಯಿತು. ಅವಳ ಮುಖ ಅರಳಿತು. ಎಡಬಲ ಕಿವಿಗಳಿಗೆ ಬೇರೆಬೇರೆಯಾಗಿದ್ದ ಎರಡು ಗುಂಡಿಗಳನ್ನು ಬೆರಳುಗಳಿಂದ ತಿರುಗಿಸಿ ದನಿಯನ್ನು ಹದಮಾಡಿಕೊಂಡಳು.

"ಬಡಗಣ ತಿರುವಿನ ನಂತರ ಸಾವಿರದ ಎಂಟುನೂರು ಅಡಿಯಲ್ಲೇ ಇರಿ" ಎಂದರು ಮೇಷ್ಟ್ರು.

"ಬಡಗಣ ತಿರುವಿನ ನಂತರ ಎರಡು ಸಾವಿರ ಅಡಿಗೆ ಏರುತ್ತೇನೆ."

ಮೇಷ್ಟ್ರು ಸ್ಪೀಕರನ್ನು ನಿಲ್ಲಿಸಿದರು. ತಮ್ಮ ಕೈಯ ಮೈಕನ್ನು ಅನುಮಾನದಿಂದ ತಟ್ಟಿ ನೋಡಿದರು. "ಇದಕ್ಕಿಂತ ಒಳ್ಳೇದು ನನ್ನ ಹತ್ರ ಇಲ್ಲ ಡಾಕ್ಟ್ರಮ್ಮ. ನನ್ನ ಮೈಕೇ ಕೆಟ್ಟಿದ್ಯೋ ಏನೋ..."

"ಮೈಕು ಸರಿಯಾಗಿದೆ."

ಹೀಗೆಂದವರು ಮೂಲೆಯ ಸ್ಟೂಲಿನ ಮೇಲೆ ಕುಳಿತಿದ್ದ ತಂದೆ. ಕಿವಿಯ ಕೆಲಸವನ್ನೂ ಕಣ್ಣಿಗೇ ವಹಿಸಿದವರು ಅವರು. ಇತರರು ಕಾಣದ್ದನ್ನು ಅವರು ಕಾಣುತ್ತಿದ್ದರು. ಎದ್ದುಬಂದು ಮಗಳ ತಲೆಯಿಂದ ಹೆಡ್‌ಸೆಟ್ಟನ್ನು ಮೆಲ್ಲಗೆ ತೆಗೆದು, ಅವಳ ಮುಂದೆ ಹಿಡಿದರು.

"ಬಲಗಡೆ ಗುಂಡಿ ಅರ್ಧದಲ್ಲಿದೆ. ಎಡಗಡೇದು ನೋಡು. ಕೊನೇತನಕ ತಿರುಗಿಸಿದ್ದೀಯ. ಮೂರಕ್ಕೂ ಹಾಗೇ ಮಾಡ್ದೆ."

"ಅದು ಅಭ್ಯಾಸ ಅಪ್ಪ."

"ಅಭ್ಯಾಸ ಅಲ್ಲ. ಬಂದ ತಕ್ಷಣ ಇವರ ಮೀಸೆ ನೋಡಿ ನಾನು ಕತ್ತು ಚಾಚ್ದೆ. ನೀನೂ ಚಾಚ್ದೆ. ನಾನು ಚಾಚೋದಕ್ಕೆ ಕಾರಣ ಇದೆ ಪುಟ್ಟಿ. ನಿನಗೇನು ಕಾರಣ?"

ವೈದ್ಯೆಯ ಮನಸ್ಸು ಒಂದೊಂದೇ ದಿನವನ್ನು ಹಿಂದಕ್ಕೆ ಮಗುಚಿ ನೋಡತೊಡಗಿತು. ಇಪ್ಪತ್ತೈದು ವರ್ಷಗಳಿಂದ ಹಲ್ಲು ಕೊರೆಯುವ ಯಂತ್ರದ ಕಿರುಚು ಅವಳ ಎಡಗಿವಿಯ ಗೇಣುದೂರದಲ್ಲಿತ್ತು. ಆದರೆ ದಿನವಿಡೀ ಅವಳೆದುರಿಗಿದ್ದದ್ದು ಬಾಯಿಗಳೇ; ಯಾರು ಏನು ನುಡಿದರೂ ಅವಳು ತುಟಿಯಿಂದ ಓದಿಕೊಳ್ಳುತ್ತಿದ್ದಳು; ಓದುತ್ತಿರುವೆನೆಂಬ ಅರಿವೂ ಇಲ್ಲದೆ. ಬಾಲ್ಯದ ವಿದ್ಯೆ ಅವಳ ಕೊರತೆಯನ್ನು ಅವಳಿಂದಲೇ ಮರೆಮಾಡಿತ್ತು. ರೇಡಿಯೊಗೆ ಮಾತ್ರ ತುಟಿಯಿರಲಿಲ್ಲ. ಅಲ್ಲಿ ಕೇಳಿಸದ ಅರ್ಧವನ್ನು ಅವಳು ರೂಢಿಯಿಂದ ತುಂಬಿಕೊಳ್ಳುತ್ತಿದ್ದಳು.

"ನಾಳೆ ಒಂದು ದಿನ ಹಾರಿಬಿಡೋಣ ಅಪ್ಪ" ಎಂದಳು ದನಿ ತಗ್ಗಿಸಿ. "ನೀವು ಕೋಟು ಇಸ್ತ್ರಿ ಮಾಡಿಸಿದ್ದೀರಿ. ಆಮೇಲೆ ತೋರಿಸಿಕೊಳ್ತೀನಿ. ಈಗ ತೋರಿಸಿದ್ರೆ ಲೈಸೆನ್ಸೇ ಹೋದ್ರೆ?"

ತಂದೆ ಮತ್ತೆ ಸ್ಟೂಲಿನ ಮೇಲೆ ಕುಳಿತರು. ತಮ್ಮ ಅಂಗೈಗಳನ್ನೇ ನೋಡುತ್ತ ಮಾತಾಡಿದರು.

"ಗಿರಣೀಲಿ ನನ್ನ ಜೊತೆಗಾರನ ಎರಡು ಬೆರಳು ಹೋಯ್ತಲ್ಲ, ನೆನಪಿದ್ಯಾ?"

"ಹ್ಞೂಂ. ಸ್ವಿಚ್ಚು ಕೆಟ್ಟಿತ್ತು ಅಂತ ಹೇಳಿದ್ರಿ."

"ಸ್ವಿಚ್ಚು ಚೆನ್ನಾಗೇ ಇತ್ತು. ರಿಪೇರಿಗೆ ಅಂತ ಎಲ್ಲಾ ಮಗ್ಗ ನಿಲ್ಲಿಸಿದ್ವಿ, ಸೂಜಿ ಬಿದ್ರೂ ಕೇಳೋ ಹಾಗಿತ್ತು. ಅವನು ಮಗ್ಗದ ಕೆಳಗಿಂದ ಕೂಗ್ದ, ತಡಿ ಅಂತ. ಹತ್ತು ಮಾರು ದೂರ ಇದ್ದೋರಿಗೂ ಕೇಳಿಸ್ತು. ನಾನು ಬೆನ್ನು ತಿರುಗಿಸಿ ನಿಂತಿದ್ದೆ. ನನಗೆ ಕೇಳಿಸ್ಲಿಲ್ಲ. ಸ್ವಿಚ್ಚು ಒತ್ತಿಬಿಟ್ಟೆ." ಅವರು ಒಮ್ಮೆ ಉಸಿರೆಳೆದುಕೊಂಡರು. "ಕಿವಿ ಹೋಗಿದೆ ಅಂತ ಒಪ್ಪಿದ್ರೆ ಮೇಸ್ತ್ರಿ ಕೆಲಸ ಹೋಗತ್ತಲ್ಲ. ಅದಕ್ಕೆ ತಪ್ಪನ್ನ ಸ್ವಿಚ್ಚಿನ ಮೇಲೆ ಹಾಕ್ದೆ. ಅವನು ಸಾಯೋತನಕ ನನ್ನ ಜೊತೆ ನಗ್ತಾನೇ ಇದ್ದ. ಆ ಕೈಯಲ್ಲೇ ನಿನ್ನ ಮದುವೇಲಿ ಅಕ್ಷತೆ ಹಾಕ್ದ. ಅವನಿಗೆ ಗೊತ್ತಿತ್ತೋ ಇಲ್ವೋ, ಇವತ್ತಿಗೂ ನನಗೆ ಗೊತ್ತಿಲ್ಲ."

ಮಗಳು ತಂದೆಯ ಮುಖವನ್ನು ನೋಡಿದಳು. ಇಷ್ಟು ದೀರ್ಘವಾದ ಮಾತನ್ನು ಅವರು ದನಿ ತೆರೆದು ಆಡಿದ್ದನ್ನು ಅವಳು ಬಹುಕಾಲದಿಂದ ಕಂಡಿರಲಿಲ್ಲ. ವಾರವೆಲ್ಲ ತಾನು ಜಪಿಸಿದ ಹೆಡ್‌ಸೆಟ್ಟಿನ ದೋಷವೂ ಆ ಸ್ವಿಚ್ಚಿನ ದೋಷವೂ ಒಂದೇ ಕುಲದವೆಂದು ಅವಳಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಮೇಷ್ಟ್ರು ಮೀಸೆಯನ್ನು ಎರಡೂ ಕಡೆಗೆ ಸರಿಸಿ, ತುಟಿ ಕಾಣುವಂತೆ ಇಬ್ಬರತ್ತ ತಿರುಗಿ ನಿಂತರು. "ಮೂವತ್ತು ವರ್ಷ ಪಾಠ ಹೇಳಿದ್ದೀನಿ ಡಾಕ್ಟ್ರಮ್ಮ. ಮೊದಲನೇ ದಿನ ಎಲ್ಲರಿಗೂ ಕಲಿಸ್ತಿದ್ದ ಮಾತು ಒಂದೇ: 'ಇನ್ನೊಮ್ಮೆ ಹೇಳಿ.' ಗೋಪುರದವರು ಅದಕ್ಕೆ ಬೇಜಾರು ಮಾಡ್ಕೊಳ್ಳಲ್ಲ. ಹತ್ತು ಸಲ ಕೇಳಿದ್ರೆ ಹತ್ತು ಸಲ ಹೇಳ್ತಾರೆ. ಕೇಳಿಸ್ದೇ ಇದ್ರೂ 'ಸರಿ' ಅನ್ನೋರು ಬಂದ್ರೇ ಅವರಿಗೆ ಭಯ."

ವೈದ್ಯೆ ಫೋನು ತೆಗೆದು, ಬಲಗಿವಿಗೆ ಒತ್ತಿಕೊಂಡು, ಗುರುವಿಗೆ ಕರೆಮಾಡಿದಳು.

"ಸರ್, ನಾಳೆ ನಾನು ಹಾರಲ್ಲ. ಹೋದ ವಾರದ ತಪ್ಪು ಹೆಡ್‌ಸೆಟ್ಟಿಂದಲ್ಲ. ನನ್ನ ಕಿವಿ ಸರಿಯಿಲ್ಲ ಅನ್ಸತ್ತೆ, ಎಡಗಡೇದು ಜಾಸ್ತಿ. ತೋರಿಸಿಕೊಂಡು, ಡಾಕ್ಟರು ಸರಿ ಅಂತ ಬರೆದುಕೊಟ್ಟ ಮೇಲೇ ಬರ್ತೀನಿ." ಆ ಕಡೆಯಿಂದ ಬಂದ ಉತ್ತರದ ಒಂದು ಪದ ಅವಳಿಗೆ ದಕ್ಕಲಿಲ್ಲ. 'ಹ್ಞಾಂ ಹ್ಞಾಂ' ಎನ್ನಲು ನಾಲಿಗೆ ಆಗಲೇ ಸಿದ್ಧವಾಗಿತ್ತು. "ಸರ್, ಇನ್ನೊಮ್ಮೆ ಹೇಳಿ" ಎಂದಳು.

ಮೇಷ್ಟ್ರು ಮೂರನೆಯ ಹೆಡ್‌ಸೆಟ್ಟನ್ನು ಅದರ ಪೆಟ್ಟಿಗೆಯಲ್ಲಿಟ್ಟು, ಮುಚ್ಚಳದ ಮೇಲೆ 'ಡಾಕ್ಟ್ರಮ್ಮ' ಎಂದು ಬರೆದು ಮೇಲಿನ ಕಪಾಟಿಗೆ ಸೇರಿಸಿದರು. "ಅದು ಅಲ್ಲೇ ಇರತ್ತೆ. ಮತ್ತೆ ಬಂದಾಗ ಅದೇ ಕುರ್ಚಿ, ಅದೇ ಗೋಡೆ. ರಿಯಾಯ್ತಿ ಇಲ್ಲ."

"ಕಿವಿ ಡಾಕ್ಟರ ಹತ್ರ ಇಬ್ಬರಿಗೂ ಸೇರಿಸಿ ಸಮಯ ಕೇಳು" ಎಂದರು ತಂದೆ, ಕೊಡೆಯನ್ನು ಹುಡುಕುವವರಂತೆ ನಟಿಸುತ್ತ.

"ನಿಮಗ್ಯಾಕಪ್ಪ? ಜನ ನೆಟ್ಟಗೆ ಮಾತಾಡಲ್ಲ ಅಷ್ಟೇ ಅಲ್ವಾ?"

"ನಿನ್ನ ಪಕ್ಕ ಕೂತಾಗ ನೀನು ಮುಂದೆ ನೋಡ್ಕೊಂಡು ಓಡಿಸ್ತೀಯೋ, ನನ್ನ ಕಡೆ ಬಾಯಿ ತಿರುಗಿಸ್ಕೊಂಡು ಓಡಿಸ್ತೀಯೋ? ನನಗೆ ಬದುಕೋ ಆಸೆ ಇನ್ನೂ ಇದೆ ತಾಯಿ."

ಇಬ್ಬರೂ ಬೀದಿಗಿಳಿದರು. ವಾಹನಗಳ ಸದ್ದು ಮಗ್ಗದ ಶಾಲೆಯಂತೆಯೇ ಮೊರೆಯುತ್ತಿತ್ತು. ರಸ್ತೆ ದಾಟುವಲ್ಲಿ ತಂದೆ ಎಂದಿನಂತೆ ದನಿಯಿಲ್ಲದೆ ತುಟಿಯಾಡಿಸಿ ಏನನ್ನೋ ನುಡಿದರು. ಆ ತುಟಿಗಳನ್ನು ಓದುವುದು ಅವಳಿಗೆ ಉಸಿರಾಟದಷ್ಟು ಸಲೀಸು. ಆದರೆ ಅವಳು ಬೇಕೆಂದೇ ಮುಖವನ್ನು ಅತ್ತ ತಿರುಗಿಸಿ, ಮುಚ್ಚಿದ ಅಂಗಡಿಯೊಂದರ ಗೋಡೆಯನ್ನು ನೋಡುತ್ತ ನಿಂತಳು.

"ಜೋರಾಗಿ ಹೇಳಿ ಅಪ್ಪ."

ತಂದೆ ಗಂಟಲು ಸರಿಮಾಡಿಕೊಂಡು ದನಿಯೆತ್ತಿ ಹೇಳಿದರು. ಅರ್ಧ ಕೇಳಿತು, ಅರ್ಧ ಗಾಳಿಯಲ್ಲಿ ಕರಗಿತು. ಉಳಿದದ್ದನ್ನು ಅವಳು ಊಹಿಸಬಹುದಿತ್ತು; ಊಹಿಸಲಿಲ್ಲ.

"ಇನ್ನೊಮ್ಮೆ ಹೇಳಿ."

ಅವರು ಇನ್ನೊಮ್ಮೆ ಹೇಳಿದರು.

ಈ ಕಥೆಗೆ ಕಿವಿಗೊಟ್ಟ ಎಲ್ಲರ ಕಿವಿಗಳೂ ಬಹುಕಾಲ ತಿಳಿಯಾಗಿರಲಿ. ಕೇಳಿಸದ್ದನ್ನು ಕೇಳಿಸಲಿಲ್ಲವೆಂದು ನುಡಿಯುವ ಧೈರ್ಯವೂ, ಕೇಳಿದವರಿಗೆ ಮರಳಿ ಹೇಳುವ ತಾಳ್ಮೆಯೂ ಅವರ ಮನೆಗಳಲ್ಲಿ ನೆಲೆಸಲಿ. ಹಾರಿಹೋದವರೆಲ್ಲ ಕ್ಷೇಮವಾಗಿ ನೆಲಕ್ಕಿಳಿಯಲಿ. ಅವರ ದಾರಿ ಕಾಯುವವರ ಕೂಗು ಅವರನ್ನು ತಲುಪಲಿ.