ತಾಲೀಮಿನ ವಿಡಿಯೊ

ಹೊಲಿಗೆ ಕಾರ್ಖಾನೆಯ ಯಂತ್ರ ತಂಗಿಯ ಎರಡು ಬೆರಳು ನುಂಗಿತ್ತು. ವಿಚಾರಣೆಯಲ್ಲಿ ಅವಳ ಪರ ಮಾತಾಡಲು ಅಕ್ಕ ವಾರವಿಡೀ ಅಡುಗೆಮನೆಯಲ್ಲಿ ತಾಲೀಮು ಮಾಡಿದಳು. ನಾದಿನಿ ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದಳು.

"ಅತ್ತಿಗೆ, ಸೌಟು ಕೆಳಗಿಡಿ. ಹೊಡೆಯೋಕೆ ಬಂದಂಗಿದೆ!"

ಉತ್ತರ ರೂಢಿಯಾಗಲೆಂದು ಅಕ್ಕ ಮ್ಯಾನೇಜರನ ವಾದವನ್ನೂ ತಾನೇ ಆಡಿದಳು: "ಯಂತ್ರ ಸರಿಯಾಗೇ ಇತ್ತು. ಹುಡುಗಿನೇ ಮೈಮರೆತಿದ್ಳು."

ತಪ್ಪು ತಿದ್ದಿಕೊಡಲೆಂದು ವಿಡಿಯೊವನ್ನು ತಂಗಿಯ ಕಾರ್ಖಾನೆ ಜೊತೆಗಾರರ ವಾಟ್ಸ್ಯಾಪ್ ಗುಂಪಿಗೆ ಹಾಕಿದರು. ಯಾರೋ ಅದನ್ನು ಮ್ಯಾನೇಜರನಿಗೆ ಮುಟ್ಟಿಸಿದರು.

ವಿಚಾರಣೆಯಲ್ಲಿ ಅವನು, ಅಕ್ಕ ತನ್ನ ವಾದ ಆಡಿದ್ದ ತುಂಡನ್ನಷ್ಟೇ ಪರದೆಯ ಮೇಲೆ ಹಾಕಿಸಿದ.

"ಇದು ನಿಮ್ಮ ದನಿ ತಾನೇನಮ್ಮ?" ಅಧಿಕಾರಿ ಕೇಳಿದರು.

"ದನಿ ನಂದೇ ಸಾರ್, ಮಾತು ಅವರದು. ಪೂರ್ತಿ ನೋಡಿ."

ಪೂರ್ತಿ ವಿಡಿಯೊ ಇದ್ದ ಮೊಬೈಲನ್ನು ಕಾವಲಿನವನು ಬಾಗಿಲಲ್ಲೇ ಕಸಿದಿಟ್ಟಿದ್ದ.

"ದನಿ ಒಪ್ಪಿಕೊಂಡಿದ್ದಾರೆ, ಬರ್ಕೊಳ್ಳಿ," ಎಂದರು ಅಧಿಕಾರಿ.

ತಂಗಿ ಬ್ಯಾಂಡೇಜಿನ ಕೈಯಿಂದ ಅಕ್ಕನನ್ನು ತಿವಿದಳು. "ಅಕ್ಕಾ, ಏನಾದ್ರೂ ಹೇಳೇ."