ಮಾವ ಕೊಟ್ಟ ಸೈಕಲ್ಲಿನ ಆಕ್ಸಲ್

ನಿಜಗುಣಪ್ಪನ ಸೈಕಲ್ಲಿಗೆ ಪೆಡಲಿನ ಆಕ್ಸಲ್ ಇರಲಿಲ್ಲ. ಗಂಟೆ ಇತ್ತು, ಡೈನಮೋ ಇತ್ತು, ಹಿಂದಿನ ಮಡ್ಗಾರ್ಡಿನ ಮೇಲೆ ಕೆಂಪು ಅಕ್ಷರದಲ್ಲಿ ಮಾವನ ಹೆಸರೂ ಇತ್ತು. ಆಕ್ಸಲ್ ಮಾತ್ರ ಸವೆದು ಸೀಳು ಬಿಟ್ಟು ಅವನ ಅಂಗಿಯ ಕಿಸೆಯಲ್ಲಿತ್ತು.

ಅದು ಕೈಕೊಟ್ಟದ್ದು ಬೈಲಹೊಂಗಲದ ಬಜಾರಿನಲ್ಲಿ, ಗುರುವಾರ. ರವಿವಾರ ಹೆಂಡತಿ ಅನ್ನಪೂರ್ಣಾಳ ಕುಬಸ, ಚೊಚ್ಚಲ ಬಸಿರಿನ ಸೀಮಂತ. ಅವಳ ಅಪ್ಪ ವೀರಪ್ಪ, ರಾಮದುರ್ಗದ ಹತ್ತಿ ದಲಾಲಿ, ಸೀರೆ, ರವಿಕೆ ಖಣ ತಗೊಂಡು ಬರುವವನಿದ್ದ. ತೊಂಬತ್ತೈದರಲ್ಲಿ, ಲಗ್ನದ ಹಂದರದಲ್ಲಿ, ಸೈಕಲ್ಲಿಗೆ ಮಾಲೆ ಹಾಕಿ ಕೊಡುವಾಗ ಅವನು ಎಲ್ಲರೆದುರು ಹೇಳಿದ್ದ: "ಇದನ್ನ ನೆಟ್ಟಗ ಇಟಗೊಂಡ್ರ ಮೊದಲನೇ ಕೂಸಿಗೆ ಲೂನಾ ಗಾಡಿ ಕೊಡಸ್ತೇನಿ, ಅಳಿಯಂದ್ರ." ನಿಜಗುಣಪ್ಪ ಕೂಸಿಗೆ ಹೆಸರು ಇನ್ನೂ ಯೋಚಿಸಿರಲಿಲ್ಲ. ಲೂನಾದ ಬಣ್ಣ ಯೋಚಿಸಿದ್ದ.

"ಹೊಸಾ ಆಕ್ಸಲ್ ತಂದು ಹಾಕಿದ್ರ ಮುಗೀತಲ್ಲ," ಎಂದಳು ಅನ್ನಪೂರ್ಣಾ. "ಹೆಣಾ ಕಾಯೋರಂಗ ಯಾಕ ಕುಂತೀರಿ?"

ಅವನೂ ಹಾಗೇ ತಿಳಿದಿದ್ದ. ಆಕ್ಸಲ್ ಅಂದರೆ ಗೇಣಿಗಿಂತ ಗಿಡ್ಡನೆಯ ಕಬ್ಬಿಣದ ಸರಳು. ಅದರ ಮೇಲೆ ಎರಡು ಉಬ್ಬಿದ ಗಂಟು; ಗಂಟಿನ ಸುತ್ತ ಗುಂಡುಗಳು ತಿರುಗುತ್ತವೆ, ಗುಂಡುಗಳನ್ನು ಹೊರಗಿನಿಂದ ಒಂದೊಂದು ಕಪ್ ಬಿಗಿಹಿಡಿಯುತ್ತದೆ. ಇದರಲ್ಲಿ ಆರಿಸುವುದೇನು ಬಂತು?

ಬೈಲಹೊಂಗಲದ ಅಂಗಡಿಯಲ್ಲಿ ಉದ್ದ ಸರಿಹೋಯಿತು, ಗಂಟು ಸರಿಹೋಗಲಿಲ್ಲ. ಎರಡರ ನಡುವಿನ ಅಂತರ ಎರಡು ನೂಲು, ಅಂದರೆ ಕಾಲು ಇಂಚು, ಹೆಚ್ಚು. ಹಾಕಿದರೆ ಕಪ್ ಹೊರಗೆ ಇಣುಕುತ್ತದೆ. ಶುಕ್ರವಾರ ಕಿತ್ತೂರಿಗೆ ಹೋದ. ಅಲ್ಲಿ ಗಂಟು ಕೂಡಿದವು, ಆದರೆ ಸರಳು ದಪ್ಪ. ಚೀಲದಲ್ಲಿ ಒಯ್ದಿದ್ದ ಪೆಡಲಿನ ಕ್ರ್ಯಾಂಕಿನೊಳಗೆ ಅದು ತೂರಲೇ ಇಲ್ಲ. ಶನಿವಾರ ಬೆಳಿಗ್ಗೆ ಸವದತ್ತಿ. ಅಲ್ಲಿನ ಅಂಗಡಿಯ ಮುದುಕ ಕನ್ನಡಕ ಏರಿಸಿ ಆಕ್ಸಲ್ಲನ್ನು ತಿರುಗಿಸಿ ನೋಡಿದ.

"ಸೈಕಲ್ ಯಾವಾಗಿಂದ್ರಿ?"

"ಎರಡ ವರ್ಷದ್ದು."

"ಎತ್ತಿನ ಹಲ್ಲ ನೋಡಿ ವಯಸ್ಸ ತಿಳ್ಕೋತಾರಲ್ರಿ, ಹಂಗ ಇದು. ಇದರ ಹಲ್ಲ ಬಿದ್ದು ಇಪ್ಪತ್ತ ವರ್ಷ ಆಗ್ಯಾವು. ರಾಮದುರ್ಗದಾಗ ಹಳೇ ಸಾಮಾನು ಇಡೋ ಬಸಯ್ಯಾರು ಅದಾರ, ಅವರನ್ನ ಕೇಳ್ರಿ."

ರಾಮದುರ್ಗ ಮಾವನ ಊರು. ನಿಜಗುಣಪ್ಪ ತಲೆಗೆ ಟವೆಲು ಸುತ್ತಿಕೊಂಡು, ಕಳ್ಳನ ಹಾಗೆ ಸಂದಿಗೊಂದಿ ಹಿಡಿದು ಬಸಯ್ಯನ ಅಂಗಡಿ ಮುಟ್ಟಿದ. ಆಕ್ಸಲ್ ಕಂಡದ್ದೇ ತಡ, ಬಸಯ್ಯನ ಮುಖ ಅರಳಿತು.

"ಏ, ಇದು ನಮ್ಮ ಹತ್ತಿ ವೀರಪ್ಪಣ್ಣಾರ ಸೈಕಲ್ಲಿಂದು! ಅವರಪ್ಪನ ಸೈಕಲ್ಲು, ಹೊಲದ ಮನ್ಯಾಗ ಬಿದ್ದಿತ್ತು. 'ಬಸಯ್ಯಾರ, ಅಳಿಯಾಗ ಕೊಡಬೇಕು, ಹೊಸಾದರಂಗ ಮಾಡಿಕೊಡ್ರಿ' ಅಂದ್ರು. ಬಣ್ಣಾ ಬಡದೆ, ಸ್ಟಿಕ್ಕರ್ ಹಚ್ಚಿದೆ. ಆಕ್ಸಲ್ ಒಂದ ಎಲ್ಲೂ ಸಿಗಲಿಲ್ಲ, ಹಳೇದನ್ನ ಬಿಟ್ಟೆ. ಅಳಿಯಾಗೇನ ತಿಳೀತೈತಿ?" ಅವನು ಬಗ್ಗಿ ಟವೆಲಿನೊಳಗಿನ ಮುಖ ನೋಡಿದ. "ನೀವು ಅವರಿಗೆ ಏನಾಗಬೇಕ್ರಿ?"

"ಏನೂ ಆಗಬೇಕಾಗಿಲ್ಲ," ಎಂದ ನಿಜಗುಣಪ್ಪ.

"ಹಂಗಾರ ಲೇಥಿನ್ಯಾಗ ಮಾಡಸ್ರಿ. ಎಂಟ ದಿನಾ ಹಿಡಿತೈತಿ."

ಎಂಟು ದಿನ ಇರಲಿಲ್ಲ. ಬಸ್ಸಿನಲ್ಲಿ ಅವನಿಗೆ ಮೈ ಉರಿಯಿತು. ಮಾವನ ಮುಖಕ್ಕೆ ಹೊಡೆದಂತೆ ಹೇಳಬೇಕು ಅನ್ನಿಸಿತು. ಹೇಳಿದರೆ ಲೂನಾ ಹೋಗುತ್ತದೆ. ಬಸ್ಸು ಸಾಲಹಳ್ಳಿ ದಾಟುವಷ್ಟರಲ್ಲಿ ಲೂನಾ ಗೆದ್ದಿತು.

ಬೈಲಹೊಂಗಲದಲ್ಲಿ ಇಳಿದವನು ಮೊದಲ ಅಂಗಡಿಯ ಎರಡು ನೂಲು ಹೆಚ್ಚಿನ ಆಕ್ಸಲ್ಲನ್ನೇ ಕೊಂಡು, ಓಣಿಯ ಮಿಸ್ತ್ರಿ ಪರಶುವಿಗೆ ಕೊಟ್ಟ. ಪರಶು ಕಪ್ಪಿನ ತಿರುಪಿಗೆ ದಾರ ಸುತ್ತಿ, ಹೇಗೋ ಅದನ್ನು ಒಂದೂವರೆ ಸುತ್ತು ತಿರುಗಿಸಿ ಕೂಡಿಸಿ, ಕೈ ಒರೆಸಿಕೊಂಡ.

"ನಿಲ್ಲತೈತ್ರಿ. ತಿರಗತೈತಿ. ಹತ್ತಬ್ಯಾಡ್ರಿ."

"ಹತ್ತಾಕ ಬರದಿದ್ರ ಸೈಕಲ್ಲ ಯಾಕೋ?"

"ನಿಮಗ ಬೇಕಾದದ್ದು ಸೈಕಲ್ಲೋ ಲೂನಾನೋ?"

ರವಿವಾರ ವೀರಪ್ಪ ಬಂದ. ಚಹಾ ಕುಡಿಯುವ ಮೊದಲೇ ಸೈಕಲ್ಲಿನ ಸುತ್ತ ಒಂದು ಸುತ್ತು ಹಾಕಿ ಸೀಟು ಸವರಿದ. "ಭಾಳ ಛಂದ ಇಟಗೊಂಡೀರಿ, ಅಳಿಯಂದ್ರ." ನಿಜಗುಣಪ್ಪನ ಕಣ್ಣ ಮುಂದೆ ಲೂನಾ ಹಾದುಹೋಯಿತು. ಅಷ್ಟರಲ್ಲಿ ಮಾವನಿಗೆ ಹುರುಪು ಬಂದು, ಧೋತರ ಎತ್ತಿ ಕಟ್ಟಿ, ಕಾಲು ಹಾಕಿಯೇ ಬಿಟ್ಟ.

"ಬ್ಯಾಡ್ರಿ ಮಾವಾರ, ಬಿಸಲೈತಿ!"

"ಹತ್ತಿ ಮಾರೋನಿಗೆ ಬಿಸಲೇನೋ!"

ಓಣಿಯ ತಿರುವಿನವರೆಗೆ ಹೋದ. ಅಲ್ಲಿ ಕಪ್ ಹಾರಿತು. ಗುಂಡುಗಳು ಜೋಳ ಚೆಲ್ಲಿದಂತೆ ಚೆಲ್ಲಿ ಗಟಾರು ಸೇರಿದವು. ಧೋತರ ಚೈನಿಗೆ ಸಿಕ್ಕಿ ಪರ್ರನೆ ಹರಿಯಿತು. ಕುಬಸಕ್ಕೆ ಬಂದ ಹೆಂಗಸರು ಆರತಿ ತಟ್ಟೆ ಹಿಡಿದು ಬಾಗಿಲಿಗೆ ಬಂದು ನೋಡಿದರು. ವೀರಪ್ಪ ಗಟಾರಿನ ದಂಡೆಯ ಮೇಲೆ ಪಟ್ಟಾಪಟ್ಟಿ ಚಡ್ಡಿಯಲ್ಲಿ ಕುಳಿತಿದ್ದ.

"ಹೊಸಾ ಸೈಕಲ್ಲ ಹಾಳ ಮಾಡಿದೆಲ್ಲೋ!"

"ಹೊಸಾದು? ನಿಮ್ಮಪ್ಪ ಹೊಲಕ್ಕ ಹೋಗತಿದ್ದ ಸೈಕಲ್ಲದು! ಬಸಯ್ಯಾರ ನನ್ನ ಮುಂದ ಹೇಳ್ಯಾರ!"

ವೀರಪ್ಪ ಚೈನಿಗೆ ಸಿಕ್ಕ ಧೋತರದ ಚೂರನ್ನು ಎಳೆದುಕೊಂಡ. ಆಮೇಲೆ ಅವನ ಕಣ್ಣು ಹೊಳೆಯಿತು.

"ಅಂದ್ರ ನೀ ರಾಮದುರ್ಗಕ್ಕ ಬಂದಿದ್ದಿ? ಊರಿಗೆ ಬಂದು ಮಾವನ ಮನಿ ಮೆಟ್ಟಲ ತುಳೀದ ಹ್ವಾದಿ? ಕೇಳ್ರೆವಾ, ಇಂಥವಗ ಲೂನಾ ಕೊಡಬೇಕಂತ!"

"ಅದು ತಪ್ಪ ಬಿಡಪಾ," ಎಂದಳು ಪಕ್ಕದ ಮನೆಯ ತಂಗೆವ್ವ. ನಿಜಗುಣಪ್ಪನ ಸ್ವಂತ ತಾಯಿಯೂ ತಲೆಯಾಡಿಸಿದಳು. ಮುದಿ ಸೈಕಲ್ಲಿನ ಮಾತು ಅಲ್ಲಿಗೇ ಮುಗಿಯಿತು.

"ಒಬ್ರು ಬಣ್ಣಾ ಬಡದ್ರಿ, ಒಬ್ರು ದಾರಾ ಸುತ್ತಿದ್ರಿ," ಎಂದಳು ಅನ್ನಪೂರ್ಣಾ. "ನನಗ ನಿಂತು ನಿಂತು ಕಾಲ ಸೋತಾವು. ಅಪ್ಪಾ, ಏನರ ಉಟಗೊಂಡ ಒಳಗ ಬಾ."

ಕುಬಸ ಆಯಿತು, ಊಟ ಆಯಿತು. ವೀರಪ್ಪ ಅಳಿಯನ ಧೋತರ ಉಟ್ಟುಕೊಂಡು ಸಂಜೆಯ ಬಸ್ಸಿಗೆ ಹೋದ.

ಹೋದದ್ದು ಒಟ್ಟು: ಆಕ್ಸಲ್ ಎರಡು, ಗುಂಡು ಇಪ್ಪತ್ತೆರಡು, ಧೋತರ ಎರಡು, ಲೂನಾ ಒಂದು.